ಜೋಸೆಫೀನ್ ಬಟ್ಲರಮ್ಮನವರ ಜೀವಚರಿತ್ರೆ

ಇಂಗ್ಲೆಂಡ್ ದೇಶದ ಬಡಗಣ ತುದಿಯಲ್ಲಿ, ಸ್ಕಾಟ್ಲೆಂಡಿನ ಮೇರೆಗೆ ಸಮೀಪವಾಗಿ, ನಾರ್ತಂಬರ್ಲೆಂಡ್ ಎಂಬ ಸೀಮೆಯುಂಟು. ಗುಡ್ಡಗಳೂ ಕುರಿಹಿಂಡುಗಳೂ ವಿಶಾಲವಾದ ಹೊಲಗಳೂ ಉಳ್ಳ ಆ ಸೀಮೆಯ ಮಿಲ್‌ಫೀಲ್ಡ್ ಎಂಬ ಗ್ರಾಮದಲ್ಲಿ 1828ನೇ ಇಸವಿ ಏಪ್ರಿಲ್ ತಿಂಗಳ 13ನೇ ತಾರೀಖಿನಲ್ಲಿ ಜಾನ್ ಗ್ರೇ ಎಂಬವರಿಗೆ ಒಬ್ಬ ಮಗಳು ಹುಟ್ಟಿದಳು. ಆಕೆಗೆ ಜೋಸೆಫೀನ್ ಎಂದು ಹೆಸರಿಟ್ಟರು. ತಂದೆಯು ಒಕ್ಕಲುತನದಲ್ಲಿ ಬಹು ನಿಪುಣರು. ಮುದಿ ನಾವಿಕರ ಪಾಲನೆಗಾಗಿ ಏರ್ಪಟ್ಟಿದ್ದ ಒಂದು ಧರ್ಮಶಾಲೆಯ ಭೂಮಿಗಳು ಆ ಸೀಮೆಯಲ್ಲಿ ಬಹಳವಾಗಿದ್ದವು. 1833ರಲ್ಲಿ ಅವುಗಳ ಮೇಲ್ವಿಚಾರಣೆಯು ಅವರ ಕೈಗೆ ಬಂದದ್ದರಿಂದ ಕುಟುಂಬದವರು ಡಿಲ್‌ಸ್ಟನ್ ಎಂಬಲ್ಲಿಗೆ ಹೋಗಿ ನೆಲೆಸಿದರು.

ಮನುಷ್ಯರನ್ನು ದನಗಳಂತೆ ಕೊಂಡು ಮಾರುವ ದಾಸತ್ವವನ್ನು ನಿಲ್ಲಿಸುವದಕ್ಕೆ ಆಗ ಇಂಗ್ಲೆಂಡಿನಲ್ಲಿ ದೊಡ್ಡ ಪ್ರಯತ್ನ ನಡೆಯುತ್ತಿತ್ತು. ಗ್ರೇಯವರು ಆ ಪ್ರಯತ್ನಕ್ಕೆ ಹೆಗಲು ಕೊಟ್ಟವರು. ಅವರ ಬಂಧುವಾದ ಅರ್ಲ್ ಗ್ರೇ ಎಂಬವರು ಮುಖ್ಯಮಂತ್ರಿಯಾಗಿದ್ದಾಗಲೇ, ಅಂದರೆ 1833ರಲ್ಲಿ, ದಾಸತ್ವವನ್ನು ತೆಗೆದುಹಾಕುವ ಕಾಯಿದೆಯು ಪಾರ್ಲಿಮೆಂಟಿನಲ್ಲಿ ಆಯಿತು. ಮನೆಯಲ್ಲಿ ಮಕ್ಕಳು ಊಟಕ್ಕೆ ಕೂತಾಗ ತಂದೆಯ ಬಾಯಿಂದ ಕೇಳಿದ್ದು ಇಂಥ ಸಂಗತಿಗಳನ್ನೇ. ದಾಸಿಯರಾದ ಹೆಂಗಸರು ಪಟ್ಟ ಪಾಡನ್ನು ಕೇಳಿ ಈ ಹುಡುಗಿಯ ಮನಸ್ಸು ಬಾಲ್ಯದಲ್ಲಿಯೇ ಕದಡಿತು. ಅದು ಮುಂದೆ ಎಂದೂ ತಿಳಿಯಾಗಲಿಲ್ಲ.

1852ರ ಜನವರಿಯಲ್ಲಿ ಆಕೆಗೆ ಜಾರ್ಜ್ ಬಟ್ಲರ್ ಎಂಬ ವಿದ್ವಾಂಸರ ಸಂಗಡ ವಿವಾಹವಾಯಿತು. ಅವರು ತರುವಾಯ ಪಾದ್ರಿ ಉದ್ಯೋಗಕ್ಕೆ ಅಭಿಷೇಕ ಹೊಂದಿದರು. ಗಂಡಹೆಂಡರು ಮೊದಲು ಆಕ್ಸ್‌ಫರ್ಡ್ ಪಟ್ಟಣದಲ್ಲಿದ್ದರು. ಅಲ್ಲಿ ಸಂಜೆಯ ಹೊತ್ತು ಮನೆಗೆ ಬರುತ್ತಿದ್ದ ಪಂಡಿತರು, ತಪ್ಪಿದ ಹೆಂಗಸಿಗೆ ಒಂದು ನ್ಯಾಯ, ಆಕೆಯನ್ನು ಕೆಡಿಸಿದ ಗಂಡಸಿಗೆ ಇನ್ನೊಂದು ನ್ಯಾಯ ಎಂಬದನ್ನು ಸೂರ್ಯ ಮೂಡುವದೆಷ್ಟು ಸಹಜವೋ ಅಷ್ಟೇ ಸಹಜವೆಂಬಂತೆ ಮಾತಾಡಿಕೊಳ್ಳುತ್ತಿದ್ದರು. ತರುಣಿಯಾದ ಬಟ್ಲರಮ್ಮನವರು ಸುಮ್ಮನೆ ಕೂತು ಕೇಳುತ್ತಿದ್ದರು. ಅದೇ ಕಾಲದಲ್ಲಿ ಒಬ್ಬ ಹುಡುಗಿಯು, ಆ ಊರಿನ ಒಬ್ಬ ವಿದ್ವಾಂಸನಿಂದ ಮೋಸಹೋಗಿ, ಹೆತ್ತ ಕೂಸನ್ನು ಕೊಂದು, ಲಂಡನಿನ ನ್ಯೂಗೇಟ್ ಸೆರೆಮನೆಯಲ್ಲಿದ್ದಳು. ಮೋಸಮಾಡಿದವನನ್ನು ಯಾರೂ ಏನೂ ಕೇಳಲಿಲ್ಲ. ಹುಡುಗಿಯ ಸೆರೆಯ ಅವಧಿ ಮುಗಿದಾಗ ಬಟ್ಲರಯ್ಯನವರೂ ಅಮ್ಮನವರೂ ಆಕೆಯನ್ನು ತಮ್ಮ ಮನೆಗೆ ಕರತಂದು ಕೆಲಸ ಕೊಟ್ಟು ಇಟ್ಟುಕೊಂಡರು. ಇದು ಅವರ ಮನೆಯ ಬಾಗಲಲ್ಲಿ ಕಾಲಿಟ್ಟ ಇಂಥವರಲ್ಲಿ ಮೊದಲನೆಯವಳು.

1857ರಲ್ಲಿ ಅಯ್ಯನವರಿಗೆ ಚೆಲ್ಟನ್‌ಹಾಮ್ ಎಂಬ ಊರಿನ ವಿದ್ಯಾಶಾಲೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಅವರಿಗೆ ಮೂರು ಗಂಡುಮಕ್ಕಳೊಂದಿಗೆ ಈವಾ ಎಂಬ ಒಬ್ಬಳೇ ಹೆಣ್ಣುಮಗಳಿದ್ದಳು. 1864ರ ಆಗಸ್ಟ್ ತಿಂಗಳ ಒಂದು ಸಂಜೆ ಹೊರಗೆ ಹೋಗಿದ್ದ ತಂದೆತಾಯಿಗಳು ಮನೆಗೆ ಬಂದಾಗ, ಅವರನ್ನು ಎದುರುಗೊಳ್ಳುವ ಸಂಭ್ರಮದಿಂದ ಆ ಮಗುವು ಮಾಳಿಗೆಯ ಮೆಟ್ಟಲುಗಳ ಕಟಾಂಜನದ ಮೇಲಿಂದ ಕೆಳಗೆ ಬಿದ್ದು, ಕೆಲವು ಗಳಿಗೆಗಳಲ್ಲಿ ತೀರಿಹೋಯಿತು. ಆಗ ಆಕೆಗೆ ಐದು ವರುಷ ವಯಸ್ಸು. ಮಕ್ಕಳನ್ನು ಮಣ್ಣಿಗೆ ಕೊಟ್ಟ ತಾಯಂದಿರು ನಮ್ಮ ಸಭೆಗಳಲ್ಲಿಯೂ ಅನೇಕರಿರುವದರಿಂದ ಇದರ ಕುರಿತು ಹೆಚ್ಚಾಗಿ ಬರೆಯುವದು ಬೇಡ.

1866ರಲ್ಲಿ ಅವರು ಲಿವರ್‌ಪೂಲ್ ಎಂಬ ದೊಡ್ಡ ರೇವುಪಟ್ಟಣಕ್ಕೆ ಬಂದರು. ಅಯ್ಯನವರು ಅಲ್ಲಿಯ ವಿದ್ಯಾಲಯಕ್ಕೆ ಮುಖ್ಯಸ್ಥರಾದರು. ಹಗಲೆಲ್ಲಾ ಬರಿದಾದ ಮನೆಯಲ್ಲಿ ಕೂತಿರಲಾರದೆ ಅಮ್ಮನವರು ತಮಗಿಂತ ಹೆಚ್ಚು ದುಃಖಪಡುವವರನ್ನು ಹುಡುಕಿಕೊಂಡು ಹೊರಟರು. ಆ ಪಟ್ಟಣದಲ್ಲಿ ಗತಿಯಿಲ್ಲದವರಿಗಾಗಿ ಒಂದು ದೊಡ್ಡ ದರಿದ್ರಶಾಲೆಯಿತ್ತು. ಸುಮಾರು ಐದು ಸಾವಿರ ಮಂದಿ ಅದರೊಳಗಿದ್ದರು. ಅದರ ನೆಲಮಾಳಿಗೆಯಲ್ಲಿ ಹೆಂಗಸರ ಗುಂಪುಗಳು ತಣ್ಣಗಿನ ನೆಲದ ಮೇಲೆ ಕೂತು, ಹಡಗುಗಳ ಹಳೇ ಹಗ್ಗಗಳನ್ನು ಬೆರಳಿನಿಂದ ಬಿಚ್ಚಿ ನಾರು ಮಾಡುತ್ತಿದ್ದರು. ಹಲಿಗೆಗಳ ಸಂದುಗಳಲ್ಲಿ ತುಂಬುವದಕ್ಕೆ ಆ ನಾರು ಬೇಕಾಗುತ್ತಿತ್ತು. ಬಟ್ಲರಮ್ಮನವರು ಒಳಗೆ ಹೋಗಿ, ತಾವೂ ನೆಲದ ಮೇಲೆ ಕೂತು, ಒಂದು ಹಗ್ಗದ ತುಂಡನ್ನು ಕೈಗೆತ್ತಿಕೊಂಡರು. ಮೆತ್ತನೆಯ ಬೆರಳುಗಳಿಗೆ ಆ ಕೆಲಸ ಬಾರದೆ ಹೋದದ್ದನ್ನು ಕಂಡು ಹೆಂಗಸರೆಲ್ಲರೂ ನಕ್ಕರು. ಆ ನಗೆಯಿಂದಲೇ ಸ್ನೇಹವಾಯಿತು. ಸ್ವಲ್ಪ ದಿನಗಳಲ್ಲಿ ರೋಗಿಗಳೂ ದಿಕ್ಕಿಲ್ಲದವರೂ ಆಗಿದ್ದ ಕೆಲವರನ್ನು ಅಮ್ಮನವರು ತಮ್ಮ ಮನೆಗೇ ಕರಕೊಂಡು ಬಂದರು; ಅಯ್ಯನವರು ಪ್ರತಿಯೊಬ್ಬಳಿಗೂ ಕೈಕೊಟ್ಟು ಮನೆಯ ಅತಿಥಿಯಂತೆ ಒಳಗೆ ಕರೆದರು. ಮನೆಯಲ್ಲಿ ಸ್ಥಳ ಸಾಲದಾದಾಗ ಬೇರೆ ಆಶ್ರಯಶಾಲೆಯನ್ನು ಸ್ಥಾಪಿಸಿದರು.

ಇಷ್ಟೇ ಆಗಿದ್ದರೆ ಬಟ್ಲರಮ್ಮನವರು ಒಬ್ಬ ದಯಾವಂತೆಯೆಂದು ಹೆಸರು ಪಡೆದು, ಎಲ್ಲರ ಹೊಗಳಿಕೆಯನ್ನೂ ಹೊಂದಿ ಬಾಳಬಹುದಾಗಿತ್ತು. ದಯೆ ತೋರಿಸುವವರನ್ನು ಲೋಕವು ಹೊಗಳುವದು. ನ್ಯಾಯ ಕೇಳುವವರ ಮೇಲೆ ಕಲ್ಲೆಸೆಯುವದು. ಅವರು ನ್ಯಾಯ ಕೇಳಲಿಕ್ಕೆ ಆರಂಭಿಸಿದ್ದು ಹೇಗೆಂದು ಈಗ ಹೇಳುವೆವು.

ಆ ಕಾಲದ ಇಂಗ್ಲಿಷ್ ಸೈನ್ಯದಲ್ಲಿ ಮೇಹರೋಗವು ಬಹಳವಾಗಿ ಹಬ್ಬಿತ್ತು. 1864ರ ಸುಮಾರಿಗೆ ಸೈನ್ಯದ ರೋಗಿಗಳಲ್ಲಿ ಮೂರರಲ್ಲೊಂದು ಪಾಲು ಈ ರೋಗದವರೇ ಆಗಿದ್ದರು. ಇದು ಸುಳ್ಳಲ್ಲ, ಸಿಪಾಯಿಗಳಿಂದ ಅವರ ಹೆಂಡರಿಗೂ, ಹೆಂಡರಿಂದ ಹುಟ್ಟುವ ಕೂಸುಗಳಿಗೂ ರೋಗ ತಗಲುತ್ತಿದ್ದದ್ದೂ ಸುಳ್ಳಲ್ಲ. ಸರಕಾರದವರು ಇದಕ್ಕೆ ಕಂಡುಹಿಡಿದ ಉಪಾಯವೇನಂದರೆ, ಸಿಪಾಯಿಗಳನ್ನು ಬಿಟ್ಟು ಹೆಂಗಸರನ್ನು ಹಿಡಿಯುವದು. 1864ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯೆಂಬ ಹೆಸರಿನಿಂದ ಒಂದು ಕಾಯಿದೆಯನ್ನು ಪಾರ್ಲಿಮೆಂಟಿನಲ್ಲಿ ಹೆಚ್ಚು ಚರ್ಚೆಯಿಲ್ಲದೆ ಪಾಸುಮಾಡಿದರು. ನಾಚಿಕೆಯ ವಿಷಯವಾದರೂ ಅದನ್ನು ಬಿಚ್ಚಿ ಹೇಳದಿದ್ದರೆ ಮುಂದಿನ ಸಂಗತಿಯು ಓದುವವರಿಗೆ ತಿಳಿಯಲಾರದು.

ದಂಡುಗಳೂ ಹಡಗುಕಟ್ಟೆಗಳೂ ಇರುವ 11 ಊರುಗಳಲ್ಲಿ, ಸಾಮಾನ್ಯ ಉಡುಪು ತೊಟ್ಟ ಪೊಲೀಸಿನವನು ಯಾವ ಹೆಂಗಸನ್ನಾದರೂ ವೇಶ್ಯೆಯೆಂದು ಸಂಶಯಪಟ್ಟರೆ ಆಕೆಯನ್ನು ಮೆಜಿಸ್ಟ್ರೇಟರ ಮುಂದೆ ತರಬಹುದು. ವೇಶ್ಯೆಯೆಂದರೆ ಯಾರು ಎಂಬದನ್ನು ಕಾಯಿದೆಯು ಹೇಳಲಿಲ್ಲ. ಪೊಲೀಸಿನವನು ತನಗೆ ಹಾಗೆ ನಂಬಿಕೆಯಿದೆಯೆಂದು ಪ್ರಮಾಣ ಮಾಡಿದರೆ ಸಾಕು. ತಾನು ಅಂಥವಳಲ್ಲವೆಂದು ತೋರಿಸುವ ಭಾರವು ಆ ಹೆಂಗಸಿನದೇ. ಮೆಜಿಸ್ಟ್ರೇಟರು ಒಪ್ಪಿದರೆ ಸರಕಾರದ ವೈದ್ಯನು ಆಕೆಯ ದೇಹವನ್ನು ಬಲಾತ್ಕಾರವಾಗಿ ಪರೀಕ್ಷೆ ಮಾಡುವನು. ಒಪ್ಪದಿದ್ದರೆ ಸೆರೆಮನೆ. ರೋಗವಿದ್ದರೆ ಬೀಗಹಾಕಿದ ಆಸ್ಪತ್ರೆಯಲ್ಲಿ ಮೂರು ತಿಂಗಳು ಇಡುವರು. ಇದು ಮೊದಲನೆಯ ಕಾಯಿದೆ. 1866ರಲ್ಲಿ ಎರಡನೆಯದು ಬಂತು. ಮೂರು ತಿಂಗಳು ಆರಾಯಿತು, ಒಂದು ವರುಷದ ತನಕ ಆಗಾಗ್ಗೆ ಪರೀಕ್ಷೆಗೆ ಬರಬೇಕೆಂಬ ಕಟ್ಟಳೆಯೂ ಆಯಿತು. 1869ರಲ್ಲಿ ಮೂರನೆಯದು ಬಂತು. ಆರು ತಿಂಗಳು ಒಂಭತ್ತಾಯಿತು, 11 ಊರುಗಳು 18 ಆದವು. ಇಷ್ಟರೊಳಗೆ ದೇಶದ ಎಲ್ಲಾ ಊರುಗಳಿಗೂ ಇದನ್ನು ಹಬ್ಬಿಸಬೇಕೆಂದು ಒಂದು ಸಂಘವೂ ಹುಟ್ಟಿತ್ತು. ಅದರಲ್ಲಿ ದೊಡ್ಡ ವೈದ್ಯರೂ ಪಂಡಿತರೂ ಪಾದ್ರಿಗಳೂ ಸೇರಿದ್ದರು. ಅಧಿಕಾರವು ಹೊಲದ ಬದುವಿನಂತೆ. ಪ್ರತಿ ವರುಷ ಒಂದೊಂದು ಗೇಣು ಸರಿದರೆ ಪಕ್ಕದ ಒಕ್ಕಲಿಗನಿಗೆ ಬೇಗನೆ ತಿಳಿಯುವದಿಲ್ಲ.

ಇದು ನಡೆದದ್ದು ರಾಜನು ತನ್ನ ಇಷ್ಟದಂತೆ ಆಳುವ ದೇಶದಲ್ಲಲ್ಲ ಎಂಬದನ್ನು ಗಮನಿಸಬೇಕು. ಪಾರ್ಲಿಮೆಂಟಿನ ತಾಯಿಮನೆಯೆಂದು ಹೆಸರಾದ ದೇಶದಲ್ಲಿಯೇ ನಡೆಯಿತು. 1867ರಲ್ಲಿ ಅಲ್ಲಿಯ ಪಟ್ಟಣಗಳ ಕೂಲಿಕಾರರಲ್ಲಿ ಅನೇಕರಿಗೆ ವೋಟು ಕೊಡುವ ಹಕ್ಕು ಸಹ ದೊರಕಿತ್ತು. ಆದರೆ ಹೆಂಗಸರಿಗೆ ವೋಟು ಇರಲಿಲ್ಲ. ಅವರಲ್ಲಿಯೂ ಬೀದಿಯ ಬಡ ಹೆಂಗಸರ ಪರವಾಗಿ ಬಾಯಿ ತೆರೆಯುವವರು ಯಾರೂ ಇರಲಿಲ್ಲ.

1869ರಲ್ಲಿ ಕೆಲವು ವೈದ್ಯರೂ ಸ್ನೇಹಿತರೂ ಬಟ್ಲರಮ್ಮನವರ ಬಳಿಗೆ ಈ ಸಮಾಚಾರವನ್ನು ತಂದು, ಹೆಂಗಸರ ಮುಂದಾಳಾಗಿ ಇದನ್ನು ಎದುರಿಸಬೇಕೆಂದು ಕೇಳಿಕೊಂಡರು. ಅವರು ಕೂಡಲೇ ಒಪ್ಪಲಿಲ್ಲ. ಗೌರವಸ್ಥ ಮನೆತನದ ಸ್ತ್ರೀಯು ಇಂಥ ವಿಷಯವನ್ನು ಬಾಯಲ್ಲಿ ಉಚ್ಚರಿಸುವದೇ ಅವಮಾನವಾಗಿದ್ದ ಕಾಲವದು. ಸಭೆಯಲ್ಲಿ ನಿಂತು ಮಾತಾಡಿದರೆ ಗಂಡನ ಉದ್ಯೋಗಕ್ಕೂ ಮಕ್ಕಳ ಮುಂದಿನ ಬಾಳಿಗೂ ಕೇಡು ತಪ್ಪದು. ಕೆಲವು ವಾರಗಳು ರಾತ್ರಿ ನಿದ್ರೆಯಿಲ್ಲದೆ ಪ್ರಾರ್ಥನೆಯಲ್ಲಿ ಕಳೆದು, ಕಡೆಗೆ ತಮ್ಮ ಮನಸ್ಸಿನಲ್ಲಿದ್ದದ್ದನ್ನು ಒಂದು ಕಾಗದದ ಮೇಲೆ ಬರೆದು ಗಂಡನ ಕೈಯಲ್ಲಿ ಕೊಟ್ಟು ಹೊರಗೆ ಹೋದರು. ಅಯ್ಯನವರು ಹಲವು ದಿನ ಮಾತಾಡಲಿಲ್ಲ. ತರುವಾಯ, ಹೋಗು, ದೇವರು ನಿನ್ನ ಸಂಗಡ ಇರಲಿ ಎಂಬ ಅರ್ಥದ ಮಾತು ಹೇಳಿ ಕಳುಹಿಸಿದರು. ಆ ಮಾತಿನ ಬೆಲೆಯನ್ನು ಅವರೇ ತೆತ್ತರು. ಮುಂದೆ ಪಾದ್ರಿಗಳ ಒಂದು ಮಹಾಸಭೆಯಲ್ಲಿ ಅವರು ಇದರ ಕುರಿತು ಓದಲಿಕ್ಕೆ ನಿಂತಾಗ ಕೂಗಿ ಕೂಡ್ರಿಸಿದರು. ಸಭೆಯಲ್ಲಿ ಅವರಿಗೆ ಸಿಗಬಹುದಾಗಿದ್ದ ಮೇಲಿನ ಪದವಿಗಳು ಬಹುಕಾಲ ಸಿಗಲಿಲ್ಲ. ಹೆಂಡತಿಯ ಕೀರ್ತಿಯ ನೆರಳಿನಲ್ಲಿ ನಿಂತು ಗೊಣಗದೆ ಇದ್ದ ಈ ಪುರುಷನ ಚರಿತ್ರೆಯನ್ನು ಬೇರೆಯಾಗಿಯೇ ಬರೆಯಬಹುದು.

ಅಮ್ಮನವರು ಮೊದಲು ಹೋದದ್ದು ದೊರೆಗಳ ಬಳಿಗಲ್ಲ, ಕ್ರೂ ಎಂಬ ಊರಿನ ರೈಲು ಕಾರ್ಖಾನೆಯ ಕೆಲಸಗಾರರ ಬಳಿಗೆ. ಅವರಲ್ಲಿ ಕೆಲವರು ಪ್ಯಾರಿಸ್ ಪಟ್ಟಣದಲ್ಲಿ ಇದ್ದು ಬಂದವರು. ಅಲ್ಲಿ ಪೊಲೀಸಿನವರು ಹೆಂಗಸರನ್ನು ಪಟ್ಟಿಯಲ್ಲಿ ಬರೆದು ಆಳುವ ರೀತಿಯನ್ನು ಕಣ್ಣಾರೆ ಕಂಡಿದ್ದರು. ವಿದ್ವಾಂಸರಿಗೆ ತಿಳಿಸಲಿಕ್ಕೆ ತಿಂಗಳುಗಟ್ಟಲೆ ಬೇಕಾದದ್ದು ಆ ಕಮ್ಮಾರರಿಗೆ ಒಂದು ಸಂಜೆಯಲ್ಲಿ ತಿಳಿಯಿತು. ಯಾರ ಹೆಣ್ಣುಮಕ್ಕಳು ಸಂಜೆ ಕೆಲಸ ಮುಗಿಸಿ ಕತ್ತಲೆಯಲ್ಲಿ ನಡೆದು ಮನೆಗೆ ಬರುತ್ತಿದ್ದರೋ ಅವರಿಗೆ ಈ ಕಾಯಿದೆಯ ಅರ್ಥ ತಿಳಿಯುವದಕ್ಕೆ ವ್ಯಾಖ್ಯಾನ ಬೇಕಾಗಿರಲಿಲ್ಲ. 1870ನೇ ಇಸವಿಯ ಹೊಸ ವರುಷದ ದಿನ ಸ್ತ್ರೀಯರ ಬಹಿರಂಗ ಪ್ರತಿಭಟನೆಯು ಪತ್ರಿಕೆಯಲ್ಲಿ ಅಚ್ಚಾಯಿತು. ನೂರಕ್ಕೆ ಮಿಕ್ಕಿ ಸ್ತ್ರೀಯರು ಹೆಸರು ಹಾಕಿದ್ದರು. ಅವರೊಳಗೆ ರೋಗಿಗಳ ಸೇವೆಗೆ ಪ್ರಸಿದ್ಧರಾದ ಫ್ಲಾರೆನ್ಸ್ ನೈಟಿಂಗೇಲ್ ಅಮ್ಮನವರ ಹೆಸರೂ ಇತ್ತು. ಸ್ವಲ್ಪ ಕಾಲದಲ್ಲಿ ಆ ಹೆಸರುಗಳು ಎರಡು ಸಾವಿರ ದಾಟಿದವು.

1871ರಲ್ಲಿ ಬಟ್ಲರಮ್ಮನವರು ದೇಶದ ರಾಜ್ಯಕಟ್ಟಳೆಯು ಮುರಿಯಲ್ಪಟ್ಟಿತೆಂಬ ಅರ್ಥದ ಹೆಸರುಳ್ಳ ಒಂದು ಪುಸ್ತಕವನ್ನು ಬರೆದರು. ಅದರಲ್ಲಿ ಕಣ್ಣೀರಿನ ಮಾತು ಕಡಿಮೆ, ನ್ಯಾಯದ ಮಾತು ಹೆಚ್ಚು. 1215ರಲ್ಲಿ ಇಂಗ್ಲೆಂಡಿನ ರಾಜನಿಂದ ಪ್ರಜೆಗಳು ಬರೆಸಿಕೊಂಡ ಮಹಾ ಒಡಂಬಡಿಕೆಯ ಪ್ರಕಾರ, ಯಾವ ಸ್ವತಂತ್ರ ಮನುಷ್ಯನನ್ನೂ ಅವನ ಸಮಾನರ ತೀರ್ಪಿಲ್ಲದೆ ಅಥವಾ ದೇಶದ ನ್ಯಾಯವಿಲ್ಲದೆ ಹಿಡಿಯಲೂ ಸೆರೆಯಲ್ಲಿಡಲೂ ಕೂಡದು. ಕುರಿ ಕದ್ದವನಿಗೂ ಕೊಲೆ ಮಾಡಿದವನಿಗೂ ಸಾಕ್ಷಿಗಳುಂಟು, ಪಂಚರಾದ ಜೂರಿಯವರುಂಟು, ತಪ್ಪು ಸ್ಥಾಪಿಸುವ ಭಾರವು ಸರಕಾರದ್ದು. ಈ ಹೆಂಗಸಿಗೋ ಅದೊಂದೂ ಇಲ್ಲ. ಆದರೂ ಮಾನ ಕಳೆದುಕೊಂಡ ಮೇಲೆ ಹೆಣ್ಣಿಗೆ ಉಳಿಯುವದು ಏನು? ಇನ್ನೊಂದು ವಂಚನೆಯನ್ನೂ ಅವರು ಬೈಲಿಗೆ ತಂದರು. ಮೆಜಿಸ್ಟ್ರೇಟರ ಬಳಿಗೆ ಹೋಗುವ ತೊಂದರೆಯನ್ನು ತಪ್ಪಿಸುವದಕ್ಕಾಗಿ ಪೊಲೀಸಿನವರು ಒಂದು ಕಾಗದಕ್ಕೆ ಹೆಂಗಸರಿಂದ ರುಜು ಹಾಕಿಸಿಕೊಳ್ಳುತ್ತಿದ್ದರು. ಅದರಲ್ಲಿ ಆಕೆಯು ತಾನಾಗಿ ಪರೀಕ್ಷೆಗೆ ಒಪ್ಪಿದ್ದಾಳೆಂದು ಬರೆದಿರುವದು. ಓದು ಬಾರದ ಹುಡುಗಿಯರು ಅಂಜಿ ಒಂದು ಗೀಟು ಎಳೆದು ಕೊಡುವರು. ಓದಿ ನೋಡದೆ ಹೆಬ್ಬೆಟ್ಟು ಒತ್ತಿ ಭೂಮಿ ಕಳಕೊಂಡವರನ್ನು ಕಂಡಿರುವ ನಮಗೆ ಇದು ಹೊಸದಲ್ಲ.

ಅವರ ವಾದದ ಬೇರು ಇದು. ಬಲಾತ್ಕಾರವಿಲ್ಲದ ಆಸ್ಪತ್ರೆಗಳನ್ನು ತೆರೆದು ತಾವಾಗಿ ಬರುವ ಗಂಡಸರಿಗೂ ಹೆಂಗಸರಿಗೂ ಔಷಧಿ ಕೊಡಿರಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಒಂದು ತರದ ಜನರು ಕೆಟ್ಟವರೆಂದು ಹೇಳಿ ಅವರನ್ನು ನ್ಯಾಯದ ಬೇಲಿಯಿಂದ ಹೊರಗೆ ಹಾಕಿದರೆ, ಆ ಬೇಲಿಯು ಒಳಗಿರುವವರಿಗೂ ಕಿತ್ತುಹೋದಂತೆಯೇ. ಯಾಕಂದರೆ ಯಾರು ಕೆಟ್ಟವರೆಂಬದನ್ನು ಹೇಳುವವನು ಬೀದಿಯಲ್ಲಿ ನಿಂತಿರುವ ಪೊಲೀಸಿನವನೇ.

ಇದಕ್ಕೆ ಉತ್ತರವು ಕಲ್ಲುಗಳಿಂದ ಬಂತು. 1870ರಲ್ಲಿ ಕೋಲ್ಚೆಸ್ಟರ್ ಎಂಬ ದಂಡಿನ ಊರಿನಲ್ಲಿ ಪಾರ್ಲಿಮೆಂಟಿನ ಚುನಾವಣೆಯಾಯಿತು. ಸರಕಾರದ ಪಕ್ಷದವರು ಸರ್ ಹೆನ್ರಿ ಸ್ಟೋರ್ಕ್ಸ್ ಎಂಬ ಸೇನಾಧಿಪತಿಯನ್ನು ನಿಲ್ಲಿಸಿದರು. ಇವರು ಮಾಲ್ಟಾ ದ್ವೀಪದಲ್ಲಿ ಅಧಿಕಾರದಲ್ಲಿದ್ದಾಗ ಇಂಥ ಕಟ್ಟಳೆಯನ್ನು ಕಟ್ಟುನಿಟ್ಟಾಗಿ ನಡಿಸಿದವರು. ಬಟ್ಲರಮ್ಮನವರು ಅಲ್ಲಿಗೆ ಹೋದರು. ವೇಶ್ಯಾಗೃಹಗಳ ಯಜಮಾನರು ಜನರನ್ನು ಗುಂಪುಕೂಡಿಸಿ ಅವರಿದ್ದ ಹೋಟಲಿನ ಕಿಟಿಕಿಗಳನ್ನು ಒಡೆಯಿಸಿದರು. ಹೋಟಲಿನವನು ಹೆದರಿ ರಾತ್ರಿಯಲ್ಲಿ ಅವರನ್ನು ಹೊರಗೆ ಕಳುಹಿಸಿದನು. ಒಂದು ದಿನಸಿ ಅಂಗಡಿಯವನ ಮನೆಯವರು ಮೂಟೆಗಳ ನಡುವೆ ಅವರನ್ನು ಅಡಗಿಸಿ ಕಾಪಾಡಿದರು. ಸ್ಟೋರ್ಕ್ಸ್ ಐನೂರಕ್ಕೆ ಮಿಕ್ಕಿದ ವೋಟುಗಳಿಂದ ಸೋತರು. ಸರಕಾರವು ಮೊದಲ ಸಾರಿ ಬೆಚ್ಚಿತು.

1872ರಲ್ಲಿ ಪಾಂಟೆಫ್ರಾಕ್ಟ್ ಎಂಬಲ್ಲಿ ಇನ್ನೊಂದು ಚುನಾವಣೆಯಾಯಿತು. ಇಂಗ್ಲೆಂಡಿನಲ್ಲಿ ಗುಟ್ಟಾಗಿ ವೋಟು ಹಾಕುವ ಪೆಟ್ಟಿಗೆಯ ಪದ್ಧತಿಯು ಅಲ್ಲಿಯೇ ಮೊದಲು ನಡೆದದ್ದು. ವೋಟು ಹಾಕುವವನು ಯಾರಿಗೂ ಅಂಜಬೇಕಾಗಿಲ್ಲವೆಂದು ದೇಶವೆಲ್ಲಾ ಹರ್ಷಪಟ್ಟ ಆ ಊರಿನಲ್ಲಿಯೇ ಬಟ್ಲರಮ್ಮನವರಿಗೆ ಸಭೆ ಕೂಡಲಿಕ್ಕೆ ಒಂದು ಮನೆಯೂ ಸಿಕ್ಕಲಿಲ್ಲ. ಕಡೆಗೆ ಒಂದು ಹುಲ್ಲಿನ ಅಟ್ಟದ ಮೇಲೆ ಹೆಂಗಸರು ಏಣಿ ಹತ್ತಿ ಕೂಡಿದರು. ಕೆಳಗೆ ಬಂದ ಗಂಡಸರು ಹುಲ್ಲಿನ ಕಟ್ಟುಗಳಿಗೆ ಬೆಂಕಿ ಹಚ್ಚಿದರು. ಹೊಗೆಯು ಹಲಿಗೆಗಳ ಸಂದುಗಳಿಂದ ಮೇಲಕ್ಕೆ ಬಂತು. ಕೆಲವರು ಮೇಲಕ್ಕೆ ನುಗ್ಗಿ ಬೈದು ಮುಷ್ಟಿ ತೋರಿಸಿದರು. ಪೊಲೀಸಿನವರು ನೋಡುತ್ತಾ ನಿಂತಿದ್ದರು. ಊರಿನ ಒಬ್ಬ ತರುಣಿಯು ಗುಂಪಿನ ನಡುವೆ ದಾರಿಮಾಡಿಕೊಂಡು ಹೋಗಿ ಸಹಾಯ ಕರೆತಂದಳು. ಅಟ್ಟದ ಕಿಂಡಿಯಿಂದ ಧುಮುಕಿ ಅಮ್ಮನವರು ಪಾರಾದರು. ಅಲ್ಲಿ ಸರಕಾರದ ಅಭ್ಯರ್ಥಿಯೇ ಗೆದ್ದನು.

ಆದರೂ ಬಟ್ಲರಮ್ಮನವರ ಮನಸ್ಸನ್ನು ಕಲ್ಲುಗಳಿಗಿಂತ ಹೆಚ್ಚು ನೋಯಿಸಿದ್ದು 1875ರ ಒಂದು ಸಂಗತಿ. ಆಲ್ಡರ್ಷಾಟ್ ಎಂಬ ದಂಡಿನ ಊರಿನಲ್ಲಿ ಪರ್ಸಿ ಎಂಬ ವಿಧವೆಯು ಸಿಪಾಯಿಗಳ ವಿನೋದಶಾಲೆಗಳಲ್ಲಿ ಹಾಡಿ ಹೊಟ್ಟೆ ಹೊರಕೊಳ್ಳುತ್ತಿದ್ದಳು. ಪೊಲೀಸಿನವರು ಆಕೆಗೂ, ಹದಿನಾರು ವರುಷದ ಮಗಳಿಗೂ ಪರೀಕ್ಷೆಗೆ ಬರಬೇಕೆಂದು ಅಪ್ಪಣೆ ಮಾಡಿದರು. ತಾಯಿಯು ಒಪ್ಪಲಿಲ್ಲ. ಅಂದಿನಿಂದ ಆಕೆಗೆ ಕೆಲಸ ಕೊಡುವವರು ಇಲ್ಲದಾದರು. ಊರು ಬಿಟ್ಟು ಹೋದಳು, ಹೊಟ್ಟೆಗಿಲ್ಲದೆ ತಿರುಗಿ ಬಂದಳು, ತನಗಾದ ಅನ್ಯಾಯವನ್ನು ಪತ್ರಿಕೆಗೆ ಬರೆದಳು. ಮಾರ್ಚ್ ತಿಂಗಳಲ್ಲಿ ಆಕೆಯ ಹೆಣವು ಕಾಲುವೆಯಲ್ಲಿ ಸಿಕ್ಕಿತು. ಬಟ್ಲರಮ್ಮನವರು ಆ ಮಗಳನ್ನು ತಮ್ಮ ಮನೆಗೆ ಕರಕೊಂಡು ಬಂದರು. ಪೊಲೀಸಿನವರ ಮೇಲೆ ಯಾವ ಅಪರಾಧವೂ ಹೊರಿಸಲ್ಪಡಲಿಲ್ಲ. ಕಾಯಿದೆಯ ಪ್ರಕಾರ ಅವರು ತಪ್ಪನ್ನೇ ಮಾಡಿರಲಿಲ್ಲ.

ಇದರ ಮೇಲೆ ಯೋಚಿಸಿ ಯೋಚಿಸಿ ಅವರು 1879ರಲ್ಲಿ ಪೊಲೀಸರಿಂದ ನಡೆಯುವ ದೊರೆತನದ ಕುರಿತು ಒಂದು ಚಿಕ್ಕ ಪುಸ್ತಕವನ್ನು ಬರೆದರು. ಅದರ ಆಲೋಚನೆಯು ಹಳ್ಳಿಯವರಿಗೂ ತಿಳಿಯತಕ್ಕದ್ದು. ಜನರು ಹೆಚ್ಚಿದಂತೆ, ಪಟ್ಟಣಗಳು ಬೆಳೆದಂತೆ, ಸರಕಾರವು ಹೊಸ ಹೊಸ ಕೆಲಸಗಳನ್ನು ಮೈಮೇಲೆ ಹಾಕಿಕೊಳ್ಳುವದು. ಪ್ರತಿಯೊಂದಕ್ಕೂ ಒಬ್ಬ ಅಧಿಕಾರಸ್ಥನನ್ನು ಇಡುವದು. ಕಾಯಿದೆಯ ಪುಸ್ತಕದಲ್ಲಿ ಸ್ವಾತಂತ್ರ್ಯವು ಮೊದಲಿನಂತೆಯೇ ಬರೆದಿರುವದು, ಪಾರ್ಲಿಮೆಂಟೂ ಮೊದಲಿನಂತೆಯೇ ಕೂಡುವದು. ಆದರೆ ಕಳ್ಳನನ್ನು ಹಿಡಿಯುವದಕ್ಕೆ ಇಟ್ಟ ಕಾವಲುಗಾರನಿಗೆ ನಡತೆಯನ್ನು ಪರಿಶೋಧಿಸುವ ಕೆಲಸವನ್ನೂ ಕೊಟ್ಟರೆ, ಅವನೇ ಫಿರ್ಯಾದಿ, ಅವನೇ ಸಾಕ್ಷಿ, ಸ್ವಲ್ಪ ಹೊತ್ತಿನ ಮೇಲೆ ಅವನೇ ನ್ಯಾಯಾಧಿಪತಿ. ಮತ್ತು ಬಡವರಿಗೆ ಸರಕಾರವೆಂದರೆ ಮಂತ್ರಿಯಲ್ಲ, ಬಾಗಲು ತಟ್ಟುವ ಆ ಪೊಲೀಸಿನವನೇ. ಈ ತಿಳುವಳಿಕೆಯಿಂದಲೇ ಅವರು 1871ರಲ್ಲಿ ಕೆಲವು ಸ್ನೇಹಿತರ ಕೂಡ ಸೇರಿ ಪ್ರತಿಯೊಬ್ಬನ ಸ್ವಂತ ಹಕ್ಕುಗಳ ರಕ್ಷಣೆಗಾಗಿ ಒಂದು ಸಂಘವನ್ನು ಸ್ಥಾಪಿಸಿದ್ದರು.

ಕಾಯಿದೆಯನ್ನು ಎದುರಿಸುವ ಕೆಲಸವು ಹದಿನಾರು ವರುಷ ನಡೆಯಿತು. ಒಂಭೈನೂರಕ್ಕೆ ಮಿಕ್ಕಿ ಸಭೆಗಳು, ಹದಿನೇಳು ಸಾವಿರಕ್ಕೆ ಮಿಕ್ಕಿ ಮನವಿಪತ್ರಗಳು, ಅವುಗಳ ಮೇಲೆ ಸುಮಾರು 26 ಲಕ್ಷ ರುಜುಗಳು. ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ದೇಶಗಳಿಗೂ ಹೋಗಿ ಅಲ್ಲಿಯವರನ್ನು ಕೂಡಿಸಿ 1875ರಲ್ಲಿ ಒಂದು ಅಂತರರಾಷ್ಟ್ರೀಯ ಸಂಘವನ್ನು ಕಟ್ಟಿದರು. ಪಾರ್ಲಿಮೆಂಟಿನ ಒಳಗೆ ಜೇಮ್ಸ್ ಸ್ಟಾನ್ಸ್‌ಫೆಲ್ಡ್ ಎಂಬ ಮಾಜಿ ಮಂತ್ರಿಯು ತನ್ನ ಮುಂದಿನ ಪದವಿಯ ಆಶೆಯನ್ನು ಬಿಟ್ಟು ಈ ಕಾರ್ಯವನ್ನು ಹಿಡಿದನು. 1883ರ ಏಪ್ರಿಲ್ 20ರಂದು ರಾತ್ರಿ ಬಲಾತ್ಕಾರದ ಪರೀಕ್ಷೆಯನ್ನು ಖಂಡಿಸುವ ಅವನ ಠರಾವು 110ಕ್ಕೆ ವಿರೋಧವಾಗಿ 182 ವೋಟುಗಳಿಂದ ಗೆದ್ದಿತು. ಹತ್ತಿರದ ಒಂದು ಕಟ್ಟಡದಲ್ಲಿ ಶ್ರೀಮಂತ ಸ್ತ್ರೀಯರೂ ಬಡ ಹೆಂಗಸರೂ ಒಟ್ಟಾಗಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದರು. ಬಟ್ಲರಮ್ಮನವರು ಅಲ್ಲಿಗೂ ಪಾರ್ಲಿಮೆಂಟಿನ ಸ್ತ್ರೀಯರ ಮಾಳಿಗೆಗೂ ನಡೆದಾಡುತ್ತಿದ್ದರು. 1886ರ ಏಪ್ರಿಲಿನಲ್ಲಿ ಆ ಕಾಯಿದೆಗಳು ಪೂರ್ಣವಾಗಿ ರದ್ದಾದವು.

ಇಂಗ್ಲೆಂಡಿನಲ್ಲಿ ರದ್ದಾಯಿತು, ನಮ್ಮ ದೇಶದಲ್ಲಿ ಆಗಲಿಲ್ಲ. ಆಗಿನ ಇಂಗ್ಲಿಷ್ ಸರಕಾರವು ಹಿಂದೂದೇಶದ ದಂಡುಗಳಿಗೂ 1864ರ ಹಾಗೂ 1868ರ ಕಾಯಿದೆಗಳಿಂದ ಇದೇ ಪದ್ಧತಿಯನ್ನು ತಂದಿತ್ತು. ಬೆಂಗಳೂರು, ಬಳ್ಳಾರಿಗಳಲ್ಲಿ ಇಂಥ ದಂಡುಗಳಿದ್ದದ್ದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಇಂಗ್ಲೆಂಡಿನ ಹೆಂಗಸಿಗೆ ವೋಟಿಲ್ಲದಿದ್ದರೂ ಕೂಗಿಕೊಳ್ಳುವದಕ್ಕೆ ಪತ್ರಿಕೆಯಿತ್ತು; ಇಲ್ಲಿಯ ಬಡ ಹೆಂಗಸಿಗೆ ಅದೂ ಇರಲಿಲ್ಲ. 1886ರಲ್ಲಿ, ಅಲ್ಲಿ ಕಾಯಿದೆಯನ್ನು ತೆಗೆದ ವರುಷವೇ, ಇಲ್ಲಿಯ ಸೇನೆಯ ದೊಡ್ಡ ಕಚೇರಿಯಿಂದ ರೆಜಿಮೆಂಟುಗಳ ಬಜಾರುಗಳಲ್ಲಿ ಸಾಕಾದಷ್ಟು ಹೆಂಗಸರೂ ನೋಡಲಿಕ್ಕೆ ಚೆಲುವೆಯರೂ ಇರುವಂತೆ ನೋಡಿಕೊಳ್ಳಬೇಕೆಂಬ ಸುತ್ತೋಲೆ ಹೊರಟಿತು. ಅದು ಬೈಲಿಗೆ ಬಂದಾಗ ಇಂಗ್ಲೆಂಡಿನ ಜನರು ನಾಚಿದರು. 1888ರ ಜೂನಿನಲ್ಲಿ ಪಾರ್ಲಿಮೆಂಟು ಅದನ್ನು ಖಂಡಿಸಿತು. ಹಿಂದೂದೇಶದ ಕಾಯಿದೆಯೂ ರದ್ದಾಯಿತು. ಆದರೆ ಮರು ವರುಷದ ದಂಡುಗಳ ಕಾಯಿದೆಯ ಮರೆಯಲ್ಲಿ ಹಳೇ ಪದ್ಧತಿಯೇ ನಡೆಯುತ್ತಿದೆಯೆಂದು ಬಟ್ಲರಮ್ಮನವರಿಗೆ ಸಂಶಯವಿತ್ತು. 1891-92ರಲ್ಲಿ ಅಮೇರಿಕದ ಡಾಕ್ಟರ್ ಕ್ಯಾಥರೀನ್ ಬುಷ್‌ನೆಲ್, ಎಲಿಜಬೆತ್ ಆಂಡ್ರೂ ಎಂಬ ಇಬ್ಬರು ಸ್ತ್ರೀಯರು ಅವರ ಪ್ರೇರಣೆಯಿಂದ ಬಂದು ಉತ್ತರದ ಹತ್ತು ದಂಡುಗಳನ್ನು ಸುತ್ತಿ, ಆ ಹೆಂಗಸರ ಬಾಯಿಂದಲೇ ಕೇಳಿ ಬರಕೊಂಡು ಹೋದರು. ಸೇನಾಪತಿಯಾಗಿದ್ದ ಲಾರ್ಡ್ ರಾಬರ್ಟ್ಸ್ ಅವರು ಮೊದಲು ಇದನ್ನು ಅಲ್ಲಗಳೆದರು. 1893ರಲ್ಲಿ ವಿಚಾರಣೆಯಾಗಿ ಸತ್ಯವೆಂದು ಕಂಡಾಗ ಆ ಸ್ತ್ರೀಯರ ಕ್ಷಮೆ ಕೇಳಿದರು.

ಈಗ ಬಟ್ಲರಮ್ಮನವರ ಜೀವಮಾನದಲ್ಲಿ ಅತಿ ಕಠಿಣವಾದ ಪರೀಕ್ಷೆಯ ವಿಷಯ. ಅದು ಶತ್ರುಗಳಿಂದಲ್ಲ, ಮಿತ್ರರಿಂದ ಬಂತು. 1885ರಲ್ಲಿ ಎಳೇ ಹುಡುಗಿಯರನ್ನು ಕಾಪಾಡುವದಕ್ಕೆ ಹೊಸ ಕಾಯಿದೆಯೊಂದು ಆಯಿತು; ಹುಡುಗಿಯ ಒಪ್ಪಿಗೆಗೆ ಬೆಲೆಯಿರುವ ವಯಸ್ಸು 13ರಿಂದ 16ಕ್ಕೆ ಏರಿತು. ಅಮ್ಮನವರು ಅದಕ್ಕಾಗಿ ದುಡಿದವರೇ. ಆದರೆ ಅದೇ ಕಾಯಿದೆಯಲ್ಲಿ ವೇಶ್ಯಾಗೃಹಗಳ ಮೇಲೆ ಪೊಲೀಸಿನವರಿಗೆ ಹೆಚ್ಚು ಅಧಿಕಾರವೂ ಕೊಡಲ್ಪಟ್ಟಿತು. ಕೂಡಲೇ ಊರೂರಲ್ಲಿ ನಡತೆಯನ್ನು ಶುದ್ಧಮಾಡುವ ಸಂಘಗಳು ಎದ್ದು, ಪೊಲೀಸಿನವರನ್ನು ಮುಂದೆ ಮಾಡಿಕೊಂಡು ಬಡ ಹೆಂಗಸರನ್ನು ಕೋಣೆಗಳಿಂದ ಬೀದಿಗೆ ನೂಕತೊಡಗಿದವು. ಈ ಸಂಘಗಳಲ್ಲಿದ್ದವರು ಬಟ್ಲರಮ್ಮನವರ ಸಂಗಡ ಸಭೆಗಳಲ್ಲಿ ಪ್ರಾರ್ಥಿಸಿದ ಸಜ್ಜನರು. ಸುಮ್ಮನಿದ್ದರೆ ಸ್ನೇಹ ಉಳಿಯುತ್ತಿತ್ತು. ಅವರು ಸುಮ್ಮನಿರಲಿಲ್ಲ. ಪಾಪವನ್ನು ಬೆಳೆಸುವದಕ್ಕೆ ಪೊಲೀಸಿನ ಬಲಾತ್ಕಾರವು ಹೇಗೆ ಅನ್ಯಾಯವೋ ಪಾಪವನ್ನು ಓಡಿಸುವದಕ್ಕೂ ಹಾಗೆಯೇ ಅನ್ಯಾಯವೆಂದೂ, ಜನರನ್ನು ಬಲಾತ್ಕಾರದಿಂದ ಸದಾಚಾರಿಗಳನ್ನಾಗಿ ಮಾಡಬಹುದೆಂಬ ಆಶೆಯಲ್ಲಿ ಮೋಸಹೋಗಬಾರದೆಂದೂ ಬರೆದರು. ಈ ಮಾತು ಅನೇಕರಿಗೆ ರುಚಿಸಲಿಲ್ಲ.

1890ರ ಮಾರ್ಚಿನಲ್ಲಿ ಬಟ್ಲರಯ್ಯನವರು ತೀರಿಕೊಂಡರು. ಅಮ್ಮನವರಿಗೆ ಆರೋಗ್ಯವಿರಲಿಲ್ಲ. ಆದರೂ 1897ರಲ್ಲಿ, ಹಿಂದೂದೇಶದ ಸೈನ್ಯದಲ್ಲಿ ರೋಗ ಹೆಚ್ಚಿತೆಂದು ಹೇಳಿ ಸರಕಾರದವರು ಹಳೇ ಕಟ್ಟಳೆಯನ್ನು ಬೇರೆ ರೂಪದಲ್ಲಿ ತಿರಿಗಿ ತರುವಾಗ, 69ನೆಯ ವಯಸ್ಸಿನಲ್ಲಿ ಮತ್ತೊಮ್ಮೆ ಲೇಖಣಿ ಹಿಡಿದರು. ಈ ಸಾರಿ ಪ್ರಸಿದ್ಧರಾದ ಕೆಲವು ಕ್ರೈಸ್ತ ಸ್ತ್ರೀಯರೇ ಸರಕಾರದ ಪಕ್ಷದಲ್ಲಿ ಸೇರಿದರು. ಪಾನನಿರೋಧ ಸಂಘದ ಮುಖ್ಯಸ್ಥೆಯಾದ ಲೇಡಿ ಹೆನ್ರಿ ಸಾಮರ್ಸೆಟ್ ಎಂಬವರೂ ಅವರಲ್ಲೊಬ್ಬರು. ಹಳೇ ಸ್ನೇಹಿತೆಯರ ವಿರೋಧವಾಗಿ ಬರೆಯುವಾಗ ಬಟ್ಲರಮ್ಮನವರು ಕಠಿಣವಾದ ಮಾತುಗಳನ್ನು ಹುಡುಕಲಿಲ್ಲ, ಮೃದುವಾದ ಮಾತುಗಳಿಂದ ಸತ್ಯವನ್ನು ಮುಚ್ಚಲೂ ಇಲ್ಲ. ಮರು ವರುಷ ಲೇಡಿ ಸಾಮರ್ಸೆಟ್ ತಮ್ಮ ಅಭಿಪ್ರಾಯವನ್ನು ಹಿಂದಕ್ಕೆ ತೆಗೆದುಕೊಂಡರು. ಕಟ್ಟಳೆಯು ಮಾತ್ರ ನಿಂತಿತು.

ಇವರಲ್ಲಿ ಕುಂದಿರಲಿಲ್ಲವೆಂದು ನಾವು ಹೇಳುವದಿಲ್ಲ. ತಮ್ಮ ದೇಶದ ಸಾಮ್ರಾಜ್ಯವು ಲೋಕಕ್ಕೆ ಒಳ್ಳೇದನ್ನು ಮಾಡತಕ್ಕದ್ದೆಂದು ಕಡೇ ತನಕ ನಂಬಿದ್ದರು. 1899ರಲ್ಲಿ ದಕ್ಷಿಣ ಆಫ್ರಿಕದ ಯುದ್ಧ ಹತ್ತಿದಾಗ, ಬೋಯರರು ಕರಿಯ ಜನರನ್ನು ಹಿಂಸಿಸುವರೆಂಬ ಕಾರಣದಿಂದ ಇಂಗ್ಲಿಷ್ ಸರಕಾರದ ಪಕ್ಷವನ್ನು ವಹಿಸಿ ಪುಸ್ತಕವನ್ನು ಬರೆದರು. ಅವರ ಜೊತೆಯವರು ಅನೇಕರು ಇದರಿಂದ ದುಃಖಪಟ್ಟರು. ಬೀದಿಯ ಪೊಲೀಸಿನವನಲ್ಲಿ ಕಂಡ ಅಪಾಯವನ್ನು ಸಮುದ್ರ ದಾಟುವ ದಂಡಿನಲ್ಲಿಯೂ ಅವರು ಕಾಣಬೇಕಾಗಿತ್ತೆಂದು ನಮಗೆ ತೋರುತ್ತದೆ. ಹಿಂದೂದೇಶದ ದಂಡುಗಳ ಸಂಗತಿಯನ್ನು ಅವರಿಗಿಂತ ಚೆನ್ನಾಗಿ ತಿಳಿದವರು ಇಂಗ್ಲೆಂಡಿನಲ್ಲಿ ಎಷ್ಟು ಮಂದಿಯಿದ್ದರು?

ಕಡೇ ವರುಷಗಳಲ್ಲಿ ಅವರು ತಾವು ಹುಟ್ಟಿದ ಸೀಮೆಗೆ ಹಿಂದಿರುಗಿದರು. 1906ನೇ ಇಸವಿ ಡಿಸೆಂಬರ್ 30ರಂದು ವೂಲರ್ ಎಂಬ ಚಿಕ್ಕ ಪೇಟೆಯಲ್ಲಿ ತೀರಿಕೊಂಡರು. ಮಿಲ್‌ಫೀಲ್ಡಿಗೆ ಸಮೀಪವಾದ ಕರ್ಕ್‌ನ್ಯೂಟನ್ ಗ್ರಾಮದ ದೇವಾಲಯದ ಅಂಗಳದಲ್ಲಿ ಅವರನ್ನು ಹೂಣಿಟ್ಟರು.

ಹನ್ನೊಂದು ವರುಷಗಳ ತರುವಾಯ, ಮೊದಲನೆಯ ಮಹಾಯುದ್ಧವು ನಡೆಯುತ್ತಿರುವಾಗ, 1918ರ ಮಾರ್ಚಿನಲ್ಲಿ ಇಂಗ್ಲೆಂಡಿನ ಸರಕಾರವು ದೇಶರಕ್ಷಣೆಯ ಹೆಸರಿನಿಂದ ಒಂದು ಅಪ್ಪಣೆಯನ್ನು ಹೊರಡಿಸಿತು. ರೋಗವಿರುವ ಹೆಂಗಸು ಸಿಪಾಯಿಯ ಸಂಗಡ ಸೇರುವದು ಅಪರಾಧವೆಂದೂ, ಅಂಥ ಅಪವಾದಕ್ಕೆ ಗುರಿಯಾದವಳನ್ನು ವೈದ್ಯಪರೀಕ್ಷೆಗಾಗಿ ಕಾವಲಿನಲ್ಲಿಡಬಹುದೆಂದೂ ಅದರಲ್ಲಿತ್ತು. ಈ ಸಾರಿ ಪಾರ್ಲಿಮೆಂಟಿನಲ್ಲಿ ಕಾಯಿದೆ ಮಾಡುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. ಬಟ್ಲರಮ್ಮನವರು ಕಟ್ಟಿದ ಸಂಘದಿಂದ ಹುಟ್ಟಿದವರು, ಅವರ ಹಳೇ ಪುಸ್ತಕಗಳನ್ನು ಓದಿ ಬೆಳೆದವರು, ತಿರಿಗಿ ಸಭೆಗಳನ್ನು ಕೂಡಿಸಿದರು, ತಿರಿಗಿ ಮನವಿಪತ್ರಗಳಿಗೆ ರುಜು ಹಾಕಿಸಿದರು. ಅಷ್ಟರೊಳಗೆ ಮೂವತ್ತು ವರುಷ ದಾಟಿದ ಅನೇಕ ಸ್ತ್ರೀಯರಿಗೆ ವೋಟು ಬಂದಿತ್ತು. ಆ ವರುಷ ಮುಗಿಯುವದರೊಳಗೆ ಸರಕಾರವು ಆ ಅಪ್ಪಣೆಯನ್ನು ಹಿಂದಕ್ಕೆ ತೆಗೆದುಕೊಂಡಿತು.